ಕೈ ಕೊಡುವುದು

ಹೊಸ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಾಳಿಗೆ.
ಪಪ್ಸಿನ ವಾಸನೆ ಮೆಟ್ಟಿಲು ಹತ್ತಿ
ನಮಗಿಂತ ಮೊದಲೇ ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ.
ಹದಿನಾಲ್ಕು ನರ್ಸುಗಳು, ಒಂದು ಫ್ಯಾನು,
ಬೋರ್ಡಿನ ಮುಂದೆ ವೆಳ್ಳರಿಕುಂಡಿನ ಲಿಸ್ಸಿ ಟೀಚರ್:
"ಅಲ್ಲಿಯ ಮುದುಕರು ಪುಸ್ತಕದ ಇಂಗ್ಲಿಷಿನಲ್ಲಿ ನರಳುವುದಿಲ್ಲ."

ಬರೆದುಕೊಂಡೆ.
ಸ್ಪೆಂಡ್ ಎ ಪೆನ್ನಿ. ಒಂದು ಕಾಸು ಖರ್ಚು ಮಾಡಬೇಕು ಅಂದರೆ
ಪರ್ಸು ಹುಡುಕಬೇಡ, ಬೆಡ್‌ಪ್ಯಾನ್ ತಾ.
ಕಷ್ಟವಾಗಲಿಲ್ಲ. ಶಾಲೆಯಲ್ಲಿ ನಾವೂ
ಕಿರುಬೆರಳೆತ್ತಿ ಒಂದಕ್ಕೆ ಅಂದವರೇ,
ಯಾವ ಒಂದು ಅಂತ ಯಾವ ಮಾಷ್ಟ್ರೂ ಕೇಳಲಿಲ್ಲ.

ಪಾಪ್ಡ್ ಹಿಸ್ ಕ್ಲಾಗ್ಸ್. ಮರದ ಮೆಟ್ಟು ಕಳಚಿಟ್ಟ,
ಅಂದರೆ ಸತ್ತ.
ನಾವೋ, ಸಾಲದ ಹಾಗೆ ತೀರಿಹೋಗುತ್ತೇವೆ.
ಚಪ್ಪಲಿ ಮೂರು ದಿನ ಜಗಲಿಯಲ್ಲೇ ಇರುತ್ತದೆ,
ಯಾರೂ ಮುಟ್ಟುವುದಿಲ್ಲ.

ಆದರೆ ರೈಟ್ ಆ್ಯಸ್ ರೇನ್?
ಮಳೆಯಷ್ಟು ಸರಿ, ಅಂದರೆ ಪೂರ್ತಿ ಗುಣ.
"ಟೀಚರ್, ಜೂನಿನಲ್ಲಿ ಒಮ್ಮೆ ನಮ್ಮ ಜ್ವರದ ವಾರ್ಡಿಗೆ ಬನ್ನಿ.
ಇಲಿಜ್ವರ, ಡೆಂಗಿ, ಎರಡು ಮಂಚದ ನಡುವೆ ಚಾಪೆಯಲ್ಲೊಬ್ಬ.
ಆ ಮಳೆಗೆ ಯಾರು ಸರಿ ಅಂತ ಮಾರ್ಕು ಹಾಕಿದ್ದು?"
ನಕ್ಕರು. ಪರೀಕ್ಷೆಯಲ್ಲಿ ಹೀಗೆ ಕೇಳಬೇಡ ಎಂದರು.

ನನಗಿದು ಹೊಸ ರೋಗವಲ್ಲ.
ಪೆರ್ಲದ ಐತಪ್ಪಣ್ಣನನ್ನು ತಂದ ದಿನ
ಕೊಲ್ಲಂ ಕಡೆಯ ಎಳೆ ಡಾಕ್ಟರು ಕೇಳಿದರು, "ಸಂಸಾರಮುಂಡೋ?"
ಅವರಿಗದು ಮಾತು. ಬಾಯಿ ಸೊಟ್ಟಗಾದವನಿಗೆ ಮಾತು ಉಂಟೋ ಎಂದು.
ಜೊತೆಗೆ ಬಂದ ತಮ್ಮ ಕೈಮುಗಿದು,
"ಉಂಟು ಡಾಕ್ಟ್ರೇ, ಸಂಸಾರ ಉಂಟು, ಇಬ್ಬರು ಹೆಣ್ಮಕ್ಕಳು."
ಚೀಟಿಯಲ್ಲಿ ಬಿತ್ತು: ಮಾತು ಸರಿಯಾಗಿದೆ.
ಹೊಡೆದುಹಾಕಿಸಿದ್ದು ನಾನು.

ಕೊನೆಗೆ ಬಂತು ಗಿವ್ ಮಿ ಎ ಹ್ಯಾಂಡ್.
ಕೈ ಕೊಡು,
ಅಂದರೆ ಸಹಾಯ ಮಾಡು.
ಪೆನ್ನು ನಿಂತಿತು.
ಕೈ ಕೊಟ್ಟವರ ಪಟ್ಟಿ ನನ್ನಲ್ಲಿ ಬೇರೆಯೇ ಉಂಟು:
ಚಿಟ್ಟಿಯ ಕಮಲಾಕ್ಷ,
ಬಂದಡ್ಕದ ಏರಿನಲ್ಲಿ ಜೀಪು,
ನಿಶ್ಚಿತಾರ್ಥದ ರವಿಕೆ ಹೊಲಿಸಿ ಆದ ಮೇಲೆ
ಇನ್ನೊಬ್ಬ. ಅವನ ಹೆಸರು ಬೇಡ.
ಪಕ್ಕದ ಸೂಸನ್ನಳಿಗೆ ಪಟ್ಟಿ ಅಂದರೆ ನಾಯಿ.
ಅವನ ಮಟ್ಟಿಗೆ ಎರಡೂ ನಡೆಯುತ್ತದೆ.

ಆ ರಾತ್ರಿ ಬೆಡ್ ಏಳರಲ್ಲಿ ಐತಪ್ಪಣ್ಣ
ನೆಟ್ಟಗಿದ್ದ ಒಂದೇ ಕೈಯನ್ನು ಗಾಳಿಗೆ ಎತ್ತಿದ್ದರು.
ಒಂದಕ್ಕೋ, ನೀರಿಗೋ, ಫ್ಯಾನು ತಿರುಗಿಸಲಿಕ್ಕೋ.
ಎಲ್ಲ ಕೇಳಿದೆ. ಯಾವುದಕ್ಕೂ ಕಣ್ಣು ಹೌದೆನ್ನಲಿಲ್ಲ.
ಕೊಟ್ಟೆ.
ಚಹಾದ ಗಾಡಿ ಬರುವವರೆಗೆ ಬಿಡಲಿಲ್ಲ.
ನನ್ನ ಬಲಗೈ ಅವರಲ್ಲಿ.
ಬಿಪಿ ಚಾರ್ಟನ್ನು ಎಡಗೈಯಲ್ಲಿ ಗೀಚಿದೆ,
ಎರಡನೇ ಕ್ಲಾಸಿನ ಹುಡುಗಿಯ ಅಕ್ಷರ.

ಹೋಂವರ್ಕಿನ ವಾಕ್ಯಕ್ಕೆ ಅದನ್ನೇ ಹಾಕಿದೆ,
ಮೇಲೆ ಇಂಗ್ಲಿಷು, ಕೆಳಗೆ ನನಗೆಂದು ಕನ್ನಡ:
ನಿನ್ನೆ ಬೆಡ್ ಏಳಕ್ಕೆ ಕೈ ಕೊಟ್ಟೆ.
ಡ್ಯೂಟಿ ಬದಲಿಸಲು ಬಂದ ವಾರಿಜ
ನನ್ನ ಭುಜದ ಮೇಲಿಂದ ಓದಿ, ಬ್ಯಾಗು ಕೆಳಗಿಟ್ಟು,
"ಅಯ್ಯೋ ಮಾರಾಯ್ತಿ, ಆ ಪಾಪದವರಿಗೂ?" ಎಂದಳು.