ಮುಂದಿನ ಗಾಲಿ

ಹನ್ನೊಂದು ವರ್ಷ ಈ ಬಸ್ಸು ನಾನೇ ಹೊಡದೀನಿ,
ಭೋಸರಿಯಿಂದ ನಿಗಡಿ, ನಿಗಡಿಯಿಂದ ಭೋಸರಿ.
ಹದಿನೇಳು ಸೀಟು, ಇಪ್ಪತ್ತಾರು ಹುಡುಗರು.
ನೀರಿನ ಬಾಟ್ಲಿ ಉರುಳೋ ಸಪ್ಪಳ
ಇಂಜಿನ್ನಿಗಿಂತ ಜಾಸ್ತಿ ಕಿವ್ಯಾಗ ಕುಂತದ.

ಈಗ ಇದು ಲಾಡ್ಲೆಸಾಬನ ಶೆಡ್ಡಿನ್ಯಾಗ
ನಾಕು ಕಟಗಿ ದಿಮ್ಮಿ ಮ್ಯಾಲ ನಿಂತದ.
ಗಾಲಿ ಇಲ್ಲ. ಹೊಟ್ಟಿ ಬಿಚ್ಚ್ಯಾರ.
ಹಳದಿ ಬಣ್ಣ ಅರ್ಧ ಕೆರದು ಬಿಟ್ಟಾರ,
‘ಸ್ಕೂಲ್’ ಹೋಗಿ ‘ಬಸ್’ ಅಷ್ಟ ಉಳದದ.

ಕೊಂಡಾಕಿ ಢಮಢೇರೆ ಬಾಯಿ.
ಬ್ಯಾಂಕಿನ ನೌಕರಿ ಬಿಟ್ಟಾಳಂತ, ಮಂದೀನ
ಡಾಂಬರು ಮುಗಿಯೋ ಕಡಿ ಒಯ್ದು ತೋರಸ್ತಾಳಂತ,
ಮುಳಶಿ ಆಚಿ ಗುಡ್ಡ, ಹಳ್ಳ, ಕಲ್ಲು.
“ಕಾಕಾ, ನೀವೂ ಬರ್ರಿ” ಅಂದ್ಲು.
ಬಸ್ಸಿನ ಜೋಡಿ ಹಳೇ ಜಾಕು ಕೊಟ್ಟಂಗ
ನನ್ನೂ ಕೊಟ್ಟಾರ ಅಂತ ನಾ ನಕ್ಕೆ.

ಕುದಳವಾಡಿ ಗುಜರಿಯಾಗ ಮೂರು ದಿನ ಹುಡುಕಿ
ಮುಂದಿನ ಆಕ್ಸಲ್ ಒಂದು ತಂದ್ವಿ.
ಮಿಲಿಟರಿ ಹಸಿರು. ಹಲ್ಲಿನ ಸಂದ್ಯಾಗ
ಯಾವ್ದೋ ಊರಿನ ಕೆಂಪ ಮಣ್ಣು ಕಲ್ಲಾಗಿತ್ತು.
ಲಾಡ್ಲೆಸಾಬ ಸ್ಕ್ರೂಡ್ರೈವರಲೆ ಕೆದರಿ
ಅಂಗೈ ಮ್ಯಾಲ ತಿಕ್ಕಿ ನೋಡಿ
“ಇದಕ್ಕ ಗೊತ್ತದ” ಅಂದ.

ಆತ ಆಳಂದ ಕಡಿಯವ, ನಾ ಅಫಜಲಪುರ.
ಮಾತು ನಮ್ಮದು, ಬೈಗಳ ಮರಾಠಿ,
ಅಳತಿ ಮಾತ್ರ ಇಂಚು, ಸೂತು.
“ಮುಂದಿನ ಗಾಲಿ ಇಷ್ಟ ದಿನ ದಾರಿ ತೋರಸ್ತಿತ್ತು ಅಷ್ಟ,
ದುಡೀತಿದ್ದಿಲ್ಲ. ದುಡಿಯೋದೆಲ್ಲಾ ಹಿಂದಿಂದು.
ನಮ್ಮ ಕಂಪನಿ ಸೂಪರ್ವೈಜರ್ ಇದ್ನಲ್ಲ...”
ಚಾದ ಹುಡುಗ ಬಂದ. ಮಾತು ಅಲ್ಲೇ ನಿಂತು ಹೋತು.

ಗೇರ್‌ಬಾಕ್ಸಿನ ಬೆನ್ನಿಗಿ ಇನ್ನೊಂದು ಪೆಟಗಿ,
ಬಲ ಹಂಚೋ ಪೆಟಗಿ. ಚಾಸಿ ಐದಿಂಚು ಎತ್ತಿದ್ವಿ.
ಮುಂದಿನ ಶಾಫ್ಟು ಮೂರು ಸೂತು ಕಮ್ಮಿ ಬಿತ್ತು.
ಬಾಯಿ ಮಾರಿ ನೋಡಲಾರದ ಲಾಡ್ಲೆಸಾಬ
ಎರಡು ದಿನ ಊಟ ಬಿಟ್ಟು ಬೀಡಿ ಸೇದಿದ.
ಆಮ್ಯಾಲ ಲೇಥಿನ ತುಕ್ಕಪ್ಪನ ಕೈಕಾಲು ಹಿಡದು
ರಾತ್ರಿ ಒಂದಕ್ಕ ಹೊಸಾದು ಮಾಡ್ಸಿ ತಂದ,
ಕೂಸಿನಂಗ, ಚಾದರದಾಗ ಸುತ್ತಿ.

ನನಗ ತ್ರಾಸ ಆದದ್ದು ಮೆಟ್ಲು.
ಎತ್ತಿದ ಬಸ್ಸಿನ ಮೆಟ್ಲು ನನ್ನ ಮೊಣಕಾಲಿಗಿ ಬಂತು.
ಯುಕೆಜಿಯ ಆ ಗಿಡ್ಡ ಹುಡುಗಿ
ಮೊದಲಿನ ಮೆಟ್ಲಿಗೇ ಎರಡೂ ಕೈ ಊರಿ ಹತ್ತತಿದ್ಲು.
ಆಕಿ ಇನ್ನ ಹತ್ತಂಗಿಲ್ಲ, ಗೊತ್ತದ.
ಆದ್ರೂ ಕೆಳಗೊಂದು ಕಬ್ಬಣದ ಪಟ್ಟಿ ಬೆಸಿ ಅಂದೆ.
“ಕಲ್ಲಿಗಿ ಬಡದು ಕಿತ್ತು ಹೋಗ್ತದ” ಅಂದ.
ಬೆಸದ.

ಶ್ರಾವಣದ ಐತವಾರ, ಹಳ್ಳದ ದಂಡಿ,
ಮೊಣಕಾಲಮಟ ರಾಡಿ.
ಸಣ್ಣ ಗೇರು ಹಾಕಿದೆ, ಎರಡನೇ ಲಿವರು ಎಳದೆ.
ಹಿಂದಿನ ಗಾಲಿ ತಿರಗಿ ತಿರಗಿ ತಮ್ಮ ತೆಗ್ಗು ತಾವೇ ತೋಡಿದ್ವು.
ಮುಂದಿನವು ಸುಮ್ಮ ನಿಂತ್ವು,
ಮಾನಾ ಸಾಲಲಾರದ ಬೀಗರಂಗ.
ಬಾಯಿ ಏನೂ ಅನ್ನಲಿಲ್ಲ.
ಸಾಲದ ಮೊದಲ ಕಂತು ಹತ್ತನೇ ತಾರೀಕಿಗಿ.

“ಹಬ್ ಲಾಕ್ ಮಾಡೀಯೇನೋ?”
ಹಿಂದಿನ ಸೀಟಿನಿಂದ ಲಾಡ್ಲೆಸಾಬ ಒದರಿದ.
ಮಾಡಿದ್ದಿಲ್ಲ. ಅದು ಒಳಗ ಕುಂತು ಆಗೂದಲ್ಲ.
ಇಳೀಬೇಕು. ಚಪ್ಪಲಿ ರಾಡಿಗಿ ಕೊಟ್ಟು,
ಗಾಲಿ ಮುಂದ ಕುಕ್ಕರಗಾಲಿಲೆ ಕುಂತು,
ಕೈ ಮುಳುಗಿಸಿ, ತಿರುಪು ಹುಡುಕಿ ತಿರುವಬೇಕು,
ಈ ಕಡಿ ಒಂದು,
ಸುತ್ತು ಹೊಡದು ಆ ಕಡಿ ಒಂದು.
ಕಟಕ್.

ಹನ್ನೊಂದು ವರ್ಷದಾಗ ಮುಂದಿನ ಗಾಲಿ
ಪಂಕ್ಚರ್ ಆದಾಗ ಬಿಟ್ಟು ಮುಟ್ಟಿದ್ದಿಲ್ಲ ನಾ.

ಹತ್ತಿ ಕುಂತು ಕ್ಲಚ್ ಬಿಟ್ಟೆ.
ಮೊದಲು ಒಂದು ಎಳತ, ಮುಂದಿನಿಂದ.
ಸ್ಟೇರಿಂಗಿನ್ಯಾಗ ಬಂತು ಅದು, ಅಂಗೈಗಿ,
ಜಾತ್ರಿ ಗದ್ದಲದಾಗ ಕೂಸು ಕೈ ಹಿಡದು ಜಗ್ಗಿದಂಗ.
ಏರಿತು.
ಏರೋವಾಗ ಯಾವ್ದೋ ಸೀಟಿನ ಕೆಳಗಿಂದ
ಬಾಟ್ಲಿ ಮುಚ್ಚಳ ಒಂದು
ಉದ್ದಕ್ಕ ಉರುಳಿ ಹಿಂದಕ ಹೋತು.

ಮ್ಯಾಲ ಹೋಗಿ ನಿಂತು ನೋಡಿದ್ರ
ಪಟ್ಟಿ ಹಳ್ಳದಾಗ ಬಿದ್ದಿತ್ತು.
ಲಾಡ್ಲೆಸಾಬ ನನ್ನ ಮಾರಿ ನೋಡಿದ, ಏನೂ ಅನ್ನಲಿಲ್ಲ.
ಢಮಢೇರೆ ಬಾಯಿ ಸಲವಾರು ಮಡಚಿ ಇಳದು
ರಾಡಿಯಾಗ ಕೈ ಹಾಕಿ ಎತ್ತಿ ತಂದ್ಲು.
“ಮತ್ತ ಬೆಸೀರಿ” ಅಂದ್ಲು,
“ನನಗೂ ಹತ್ತಲಿಕ್ಕ ಬರವಲ್ದು.”