ಕೆಳಗ ಪ್ರೆಸ್ಸು, ಮ್ಯಾಲ ನಾ

ಗದಗಿನ್ಯಾಗ ಒಂದು ಪ್ರೆಸ್ಸಿನ ಮ್ಯಾಲ ನನ್ನ ಖೋಲಿ.
ಎರಡು ಖುರ್ಚಿ, ಒಂದು ಚಾಪಿ, ತಾಮ್ರದ ತಂಬಿಗಿ.
ಕೆಳಗ ಧಡಕ್ ಧಡಕ್ ಲಗ್ನಪತ್ರಿಕಿ ಅಚ್ಚಾಗತಾವ,
ಮ್ಯಾಲ ತಮ್ಮ ತಮ್ಮ ಲಗ್ನ ಬಿಚ್ಚಿಕೊಂಡು ಕೂಡತಾರ ಮಂದಿ.
ನೆಲ ಸಣ್ಣಗ ನಡುಗತೈತಿ.
ಹೆದರಬ್ಯಾಡ್ರಿ, ಅಂತೀನಿ, ಅದು ಮಷೀನು.

ಬಾಗಲಕ ಬರದೈತಿ: ಇಂದುಮತಿ ಬಣ್ಣದ, ಎಂ.ಫಿಲ್.,
ಮನಃಶಾಸ್ತ್ರ, ಧಾರವಾಡ.
ಬರೀಲಾರದ್ದು ಬೆಟಗೇರಿ,
ಕುಣಿಮಗ್ಗದ ಓಣಿ, ಮಂಗಳವಾರ, ಶುಕ್ಕರವಾರ.
ಮೈದುಂಬಿದ ಹೆಣಮಕ್ಕಳನ್ನ ತಂದು
ಅಜ್ಜಿ ತಿಪ್ಪವ್ವನ ಮುಂದ ಕೂಡಸತಿದ್ರು.
ಹೋಗು ಅಂತ ಆಕಿ ಎಂದೂ ಮೊದಲ ಅನ್ನಲಿಲ್ಲ.
ಕೇಳತಿದ್ಲು, ಬೀಗರನ್ನ ಕೇಳಿದಂಗ:
ಯಾರವ್ವ ನೀ? ಯಾವೂರಾಕಿ? ಏನ ಬೇಕಾಗೇತಿ ನಿನಗ?

ಗಂಡನ ಮುಂದ ತಲಿ ಎತ್ತದಾಕಿ ಅವತ್ತು
ಅವನ ಹೆಸರು ಹಿಡದು ಬೈತಿದ್ಲು, ಒಂದೊಂದ ಲೆಕ್ಕಾ ಹೇಳಿ.
ಅಂವ ಕೈ ಮುಗದು, ತಪ್ಪಾತವ್ವ, ಅಂತಿದ್ದ.
ಭಂಡಾರದ ತಾಟು ಹಿಡದು ನಿಂದರೂದು ನನ್ನ ಪಾಳಿ. ಎಂಟು ವರ್ಷ.
ಕೇಳಿದ್ದು ಹೊಸ್ತಲಾ ದಾಟಿದ್ರ ನಾಲಿಗಿ ಬೀಳತೈತಿ ನೋಡು, ಅಂದಿದ್ಲು ಅಜ್ಜಿ.

ಅಪ್ಪ ದೇವರ ಗೊಡವಿಗೆ ಹೋದಾವಲ್ಲ.
ಕುಣ್ಯಾಗ ಕಾಲ ಇಳಿಬಿಟ್ಟು ಹನ್ನೆರಡು ತಾಸು ನೇಯಾಂವ.
ಎಳಿ ಹರದರ ಜಗ್ಗಬ್ಯಾಡ, ಮಗ್ಗ ನಿಂದರಸು.
ಅಂವ ಕಲಿಸಿದ್ದು ಇಷ್ಟ.

ಧಾರವಾಡದಾಗ ಇದನ್ನೆಲ್ಲಾ ಮುಚ್ಚಿಟ್ಟೆ.
ಉಗುರಿನ್ಯಾಗ ಭಂಡಾರ ಉಳದಿದ್ದೀತು ಅಂತ
ಹಾಸ್ಟೆಲಿನ ನಳಕ್ಕ ಎರಡೆರಡು ಸಲ ಕೈ ತೊಳದೆ.
ಮುಂದ ಅದನ್ನ ಹೊರಗ ತಗದು ಮೆರಿಸಿದೆ:
ಹುಬ್ಬಳ್ಳಿಯ ಸಮ್ಮೇಳನದಾಗ, ಸ್ಲೈಡಿನ ಮ್ಯಾಲ,
ಅಜ್ಜಿಯ ಮೂರು ಪ್ರಶ್ನಿ, ದೊಡ್ಡ ಅಕ್ಷರದಾಗ.
ಚಪ್ಪಾಳಿ ಬಿದ್ದವು.
ಸ್ಲೈಡಿನ್ಯಾಗ ಸಣ್ಣತ್ತಿ ಇರಲಿಲ್ಲ.

ಸಣ್ಣತ್ತಿ ಗೌರವ್ವ ಹದಿನೇಳು ದಿನಾ ಮಲಗಲಿಲ್ಲ.
ನಗತಿದ್ಲು. ಅಪ್ಪ ನೇಯ್ದ ಹತ್ತು ಸೀರಿ
ಓಣಿಗೆಲ್ಲಾ ಪುಕ್ಕಟೆ ಹಂಚಿ ಬಂದ್ಲು.
ಅಜ್ಜಿ ಕೇಳಿದ್ಲು, ಯಾರವ್ವ ನೀ?
ನಾ ಗೌರಿ, ಅಂದ್ಲು ಅತ್ತಿ, ನಾನ ಅದೀನಿ, ಬ್ಯಾರೆ ಯಾರೂ ಇಲ್ಲಬೇ.
ಅಲ್ಲಿಂದ ಮುಂದ ಕೇಳೂ ಮಾತು ಅಜ್ಜಿ ಕಡೆ ಇರಲಿಲ್ಲ.
ಗುಳಿಗಿ ಇತ್ತು, ಧಾರವಾಡದಾಗ, ಎರಡು ತಾಸಿನ ಹಾದಿ.
ಯಾರೂ ಕರಕೊಂಡು ಹೋಗಲಿಲ್ಲ.
ಬಾವಿ ಸಮೀಪ ಇತ್ತು.

ಅದಕ್ಕ, ನೋಡ್ರಿ, ತಂಬಿಗಿ ಬುಡಕ ಒಂದು ಚೀಟಿ,
ಗುಳಿಗಿ ಬರಿಯೂ ಡಾಕ್ಟರರ ನಂಬರು.
ಎರಡೂ ಒಂದ ಮೇಜಿನ ಮ್ಯಾಲ ಇರಬೇಕು.

ಹೋದ ಬುಧವಾರ ಒಬ್ಬ ಕಂಡಕ್ಟರ್ ಬಂದ.
ರಾಜೇಸಾಬ ಅನ್ನೋಣು; ಹೆಸರು ನಾ ಇಟ್ಟದ್ದು, ಊರೂ ಬ್ಯಾರೆ.
ಅಂವ ಸೀಟಿ ಊದಿದ, ಬಸ್ಸು ಹೊಂಟಿತು,
ಪಾವಟಿಗಿ ಮ್ಯಾಲ ಒಬ್ಬ ಸಾಲಿ ಹುಡುಗ ಇದ್ದ.
ಅವತ್ತಿಂದ ಉಸುರು ಗಂಟಲದಾಗ ನಿಂದರತೈತ್ರಿ, ಅಂದ.
ಧ್ಯಾನಾ ಮಾಡು ಅನಬ್ಯಾಡ್ರಿ ಮತ್ತ. ಕಣ್ಣು ಮುಚ್ಚಿದ್ರ ಬರತಾನ.

ಅನ್ನಲಿಲ್ಲ. ಹಿಂದೊಬ್ಬಗ ಅಂದು ಸುಟ್ಟುಕೊಂಡಾಕಿ ನಾ.

ನೀವು ದೇವರನ್ನ ನಂಬತೀರೇನ್ರಿ?
ಈ ಪ್ರಶ್ನಿ ಹೊಳ್ಳಿ ಅವರ ಕೈಯಾಗ ಕೊಡು, ಅಂತೈತಿ ಪುಸ್ತಕ.
ಕೊಡಲಿಲ್ಲ. ಗೊತ್ತಿಲ್ಲರಿ, ಅಂದೆ.
ಯಾರರೆ ಅಳಾಕ ಹತ್ತಿದ್ರ ಮಾತ್ರ
ನನ್ನ ಕೈ ತಾಟು ಹಿಡದಂಗ ತಾವ ಮ್ಯಾಲೇಳತಾವ.

ಅಂವ ಖುರ್ಚಿ ಬಿಟ್ಟು ಚಾಪಿಗೆ ಇಳದ. ನಾನೂ ಇಳದೆ.
ಕಣ್ಣು ತಗದ ಇರಲಿ, ಅಂದೆ. ಕಿಟಕಿ ನೋಡ್ರಿ.
ನಿಮ್ಮವ್ವ ನಿಮ್ಮನ್ನ ಮಲಗಸುವಾಗ ಏನಂತಿದ್ಲು?
ಉಸುರಿನ ಕೂಡ ಅದನ್ನ ಬಿಡ್ರಿ.
ಅಂವ ಏನೋ ಅಂದ.
ಅದು ಹೊಸ್ತಲಾ ದಾಟಂಗಿಲ್ಲ.

ಕೆಳಗ ಊಟದ ಹೊತ್ತು, ಮಷೀನು ನಿಂತಿತ್ತು.
ಮೈ ಇಳದ ಮ್ಯಾಲ ನೀರು ಕೊಟ್ಟು
ಅಜ್ಜಿ ಎಲ್ಲಾರಿಗೂ ಒಂದು ಮಾತು ಕೇಳತಿದ್ಲು. ಅದನ್ನ ನಾನೂ ಕೇಳಿದೆ,
ತಂಬಿಗಿ ಅವನ ಕಡೆ ಸರಿಸಿ:
ಊರಿಗೆ ಬಸ್ಸು ಎಷ್ಟಕ್ಕೈತ್ರಿ?

ಗಡಿಯಾರ ನೋಡಲಿಲ್ಲ ಅಂವ.
ಎರಡೂ ಹತ್ತಕ್ಕ ಒಂದು, ಅಂದ, ಅದು ತಪ್ಪಿದ್ರ ಮೂರೂಕಾಲಿಗೆ,
ಮೂರೂಕಾಲಿಂದು ಒಂದೀಟು ತಡಾ ಮಾಡತೈತಿ.