ಒಂದಕ್ಕೊಂದು

ಸೋಲಾಪುರ, ಅಕ್ಕಲಕೋಟ ರೋಡಿನ ಎಂಐಡಿಸಿ, ರಾತ್ರಿ ಪಾಳಿ.
ಕೆಳಗ ಮಗ್ಗ ಖಟಾಖಟ್, ಮ್ಯಾಲೆ ನಾನು,
ಕರೀ ಪರದೆ, ಅದರಾಗ ಮಿಣಮಿಣ ಒಂದು ಬಿಳೀ ಗೆರಿ,
ಏನರೆ ಬರಿ, ಇಲ್ಲಾ ಮನಿಗೆ ಹೋಗು ಅನ್ನೂ ಹಂಗ.

ಫುಲಾರಿ ಸಾವಕಾರರ ಟವೆಲ್ ಧಂದೆ ಈಗ ಹನ್ನೊಂದು ತುಂಡು:
ಆರ್ಡರಿಗೊಂದು ಸರ್ವಿಸು, ಗೋದಾಮಿಗೊಂದು,
ಜಿಎಸ್‌ಟಿಗೊಂದು, ರೊಕ್ಕಕ್ಕೊಂದು.
ಒಂದೊಂದರ ಬಾಜೂಕ ಒಂದೊಂದು ಪ್ರಾಕ್ಸಿ ಕೂಡಿಸೂದು ನನ್ನ ಕೆಲಸ.
ಯಾರೂ ಯಾರಿಗೂ ನೇರ ಮಾತಾಡಂಗಿಲ್ಲ ಇನ್ನ;
ಬಾಯಿ ತಗದ್ರ ಬಾಜೂದವನ ಕಿವಿಗೇ,
ಅವ ಆಚಿ ದಂಡಿಯವನ ಬಾಜೂದವಗ,
ಅವ ಅವನ ಧಣಿಗೆ.

"ಇಷ್ಟು ಸುತ್ತಾಟ ಯಾಕ್ರೀ ಮೇಡಂ?" ಅಂದ ಅಂಬಾದಾಸ ಬೊಮ್ಡ್ಯಾಲ,
ತೆಲುಗಿನ್ಯಾಗ ನಕ್ಕು, ಮರಾಠಿಯೊಳಗ ಕೇಳಿ,
ಕನ್ನಡದ ಉತ್ತರಕ್ಕ ಕಾದ.

ನಮ್ಮ ಸಾತಲಿಂಗ ಮಾಮಾ ಸಾಂಗೋಲ್ಯಾದ ದನದ ಪ್ಯಾಟ್ಯಾಗ ದಲಾಲ.
ಮಾರಾವನ ಕೈಯೊಳಗ ಕೈ, ಮ್ಯಾಲೊಂದು ಟವೆಲ್ಲು.
ಬೆರಳ ಹಿಡದ್ರ ಸಾವಿರ, ಗೆಣ್ಣು ಒತ್ತಿದ್ರ ನೂರು,
ಹಸ್ತ ಪೂರಾ ಹಿಡದ್ರ ಐದು.
ಸುತ್ತ ನಿಂತ ಮಂದಿಗೆ ಕಾಣೂದು ಅರಿಬಿ ಅಲುಗೂದಷ್ಟ.
ಎತ್ತಿಗೂ ಗೊತ್ತಿಲ್ಲ ತನ್ನ ರೇಟು.
"ಮಾತು ಅವರದು ಅವ್ವಿ, ಬೆರಳಷ್ಟ ನಂದು" ಅಂತಿದ್ದ,
"ಮೂರು ಸಲ ಕೇಳಬೇಕು. ನಾಕನೇದು ಭಿಕ್ಷಾ."

ಹಂಗ ಬರದೆ: ರಿಟ್ರೈ ಮೂರು.
ಕಾಯೂದು ಎರಡು ಸೆಕೆಂಡು.
ಗುರುತಿನ ಚೀಟಿ ಎರಡೂ ಕಡಿಯವರು ತೋರಸಬೇಕು,
ತೋರಸದವಗ ಬಾಗಿಲಾ ಇಲ್ಲ, ಕಡಕ್.
ಎರಡು ಸ್ಪೇಸ್ ಒಳಗ, ಮತ್ತ ಎರಡು ಒಳಗ,
ಒಂದು ಸ್ಪೇಸ್ ತಪ್ಪಿದ್ದಕ್ಕ ಒಂದು ತಾಸು ಹೋತು,
ಜ್ವಾಳದ ಹೊಲದಾಗ ಸಾಲು ಬಿಟ್ಟ ಕೂರಿಗಿ ಹಂಗ.
ಸಿಟ್ಟು ಬಂತು, ಚಾ ಬಂತು.
ಅಪ್ಲೈ. ಎಂಟರ್.

ಐನೂರಾ ಮೂರು.
ಮತ್ತ ಐನೂರಾ ಮೂರು.
ಆರ್ಡರ್ ಕೂಗತದ, ರೊಕ್ಕದ ಕಡಿಂದ ಉಸಿರಿಲ್ಲ.
ಲಾಗ್ ತಿರುವಿದೆ, ಪೋರ್ಟ್ ಎಣಿಸಿದೆ,
ಸರ್ಟಿಫಿಕೇಟಿನ ಆಯುಷ್ಯ ನೋಡಿದೆ, ಇನ್ನೂ ಇಪ್ಪತ್ತೆರಡು ತಾಸು ಇತ್ತು.
ಎರಡೂವರಿಗೆ ಪಾಡ್‌ಗಳ ಪಟ್ಟಿ ತೆರದೆ:
ಎಲ್ಲಾರದೂ ೨/೨, ೨/೨, ೨/೨,
ರೊಕ್ಕದ್ದೊಂದು ೧/೧.

ಎಷ್ಟು ಸಲ ಕಣ್ಣು ಅದರ ಮ್ಯಾಲೆ ಹಾದು ಹೋಗಿತ್ತೋ.
ಒಂದಕ್ಕ ಒಂದು, ಪೂರ್ತಿ, ಎಲ್ಲೂ ಕೆಂಪಿಲ್ಲ,
ಶಾಣ್ಯಾ ಹುಡುಗನ ಮಾರ್ಕ್ಸ್ ಕಾರ್ಡಿನಂಗ.
ಒಂದಕ್ಕೊಂದು ಅಂದ್ರ ಕನ್ನಡದಾಗ ಇಬ್ಬರು ಬೇಕು.
ಇಲ್ಲಿ ಒಂದ ಇತ್ತು,
ತನಗ ತಾನ ಹತ್ತಕ್ಕ ಹತ್ತು ಕೊಟಗೊಂಡು.

ಅದರ ಓಣಿಗೆ ಚೀಟಿ ಹಚ್ಚೂದು ಮರತಿದ್ದೆ, ನಾನ.
ಟವೆಲ್ಲಿನ ಈ ಕಡಿ ಒಂದು ಕೈ ಬೆರಳ ಚಾಚಿ ಕುಂತದ,
ಆ ಕಡಿ ಕೈಯ ಇಲ್ಲ,
ಬರೇ ಒಬ್ಬ ಸಾವಕಾರ, ಬಯಲಾಗ,
ದೊಡ್ಡ ದನಿಲೆ ರೇಟು ಕೂಗಕೋತ.

ಮಾಮಾಗೂ ಒಮ್ಮೆ ಹಿಂಗ ಆಗಿತ್ತು:
ಜತ್ತದ ಕಡಿಯ ಒಬ್ಬ ಹೊಸಬ, ಕೈ ಕೊಡವಲ್ಲ.
"ಅರಿಬಿ ಯಾಕ, ಕಳವು ಮಾಡಾಕತ್ತೀವೇನು?" ಅಂದ.
ಮಾಮಾ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ನಡದಬಿಟ್ಟ.
ಖರೇ ಹೇಳಬೇಕಂದ್ರ ಆ ಮನಷ್ಯಾ ಕೇಳಿದ್ದು ತಪ್ಪಿರಲಿಲ್ಲ.
ಮುಚ್ಚಿದ ಕೈಯಾಗ ಮಾಮಾ ಏನೇನು ಉಳಿಸಿಕೊಂಡಿದ್ದನೋ
ಅತ್ತೀಗೆ ಗೊತ್ತಿತ್ತು, ಅಕೀ ಪಾಟಲಿಗೆ ಗೊತ್ತಿತ್ತು.

ಲೇಬಲ್ ಹಚ್ಚಿದೆ. ರಿಸ್ಟಾರ್ಟ್ ಅಂದೆ.
೦/೨.
೧/೨. ಬಾಜೂದವ ಬಂದ, ಧಣಿ ಇನ್ನೂ ಎದ್ದಿಲ್ಲ.
೨/೨.

ಮೂರು ಹದಿನೇಳಕ್ಕ ಮೊದಲನೇ ಆರ್ಡರ್:
ಇಚಲಕರಂಜಿ, ನಲವತ್ತು ಡಜನ್ ಟರ್ಕಿ ಟವೆಲ್, ಹಳದಿ ಅಂಚು.
ಟವೆಲ್ಲಿನ ಕೆಳಗಿಂದ ಟವೆಲ್ಲು ದಾಟಿ ಹೋತು.
ಲಾಗಿನ್ಯಾಗ ನಾ ಕಂಡದ್ದು ಎಷ್ಟು ಬೈಟು, ಎಷ್ಟು ಮಿಲಿಸೆಕೆಂಡು.
ರೇಟು ಕಾಣಲಿಲ್ಲ.
ಅರಿಬಿ ಅಲುಗಿದ್ದಷ್ಟ.

ಅಂಬಾದಾಸ ಮಗ್ಗದ ಸದ್ದಿನ್ಯಾಗ ನಿದ್ದಿ ಹತ್ತಿ ಗ್ವಾಡಿಗೆ ಒರಗಿದ್ದ.
ಅವನ ಪ್ರಶ್ನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.